ಎರೆ ಮಣ್ಣಿಗೆ ಯಾವ ತಿಂಗಳು

ನಮ್ಮ ಮೇಸ್ತ್ರಿಯ ಬಲಗಾಲಿನ ಹಿಮ್ಮಡಿಯ ಬಿರುಕಿನಲ್ಲಿ ಒಂದು ಕಾಸನ್ನು ನೆಟ್ಟಗೆ ನಿಲ್ಲಿಸಬಹುದಿತ್ತು. ಇದು ಅಲಂಕಾರದ ಮಾತಲ್ಲ. ಒಂದು ವೈಶಾಖದ ಮಧ್ಯಾಹ್ನ ನಾನೇ ನಿಲ್ಲಿಸಿ ನೋಡಿದ್ದೇನೆ. ಮಳೆ ಬಿದ್ದು ತಿಂಗಳಾದರೆ ಅದೇ ಬಿರುಕು ಮುಚ್ಚಿಕೊಂಡು ಕಾಸಿಗೆ ಎಡೆಯೇ ಇರುತ್ತಿರಲಿಲ್ಲ. ನಮ್ಮ ಕಡೆಯ ಕಪ್ಪು ಮಣ್ಣಿನ ಎರೆ ಹೊಲಗಳ ನಡತೆಯೂ ಹೀಗೆಯೇ. ಇದು ಮೇಸ್ತ್ರಿಗೆ ಗೊತ್ತಿತ್ತು, ಗೊತ್ತಿರಬೇಕಾದವರಿಗೆ ಗೊತ್ತಿರಲಿಲ್ಲ. ನನ್ನ ಸಿಟ್ಟೆಲ್ಲ ಅಷ್ಟಕ್ಕೇ.

ಆದೋನಿ ಆಗ ಬಳ್ಳಾರಿ ಜಿಲ್ಲೆಯಲ್ಲಿತ್ತು. ಅಲ್ಲಿ ಸರಕಾರದ ಕಟ್ಟಡಗಳನ್ನು ಕಟ್ಟಿಸುವ ಒಂದು ಕಚೇರಿಯಲ್ಲಿ ನಾನು ಗುಮಾಸ್ತ. ಮೇಸ್ತ್ರಿ ನಮ್ಮ ಕೆಲಸಗಳಿಗೆ ಪಾಯ ತೆಗೆದು ಗೋಡೆ ಎಬ್ಬಿಸುವವರು. ಓದು ಬಾರದು. ಪಾಯದ ಗುಂಡಿಗೆ ಇಳಿದು, ಆ ಹಿಮ್ಮಡಿಯನ್ನು ನೆಲಕ್ಕೆ ಊರಿ ಒಂದು ಸುತ್ತು ತಿರುಗುವರು. ಕೆಳಗೆ ಗಟ್ಟಿ ಕಲ್ಲುಮಣ್ಣಿನ ಗರಸು ಸಿಕ್ಕಿದ್ದರೆ “ಇಲ್ಲಿ ಕುಂದರಬೌದು” ಎನ್ನುವರು, ನೆಂಟರ ಮನೆಗೆ ಬಂದವರಂತೆ. ಎರೆಯೇ ಇದ್ದರೆ ಮತ್ತೆ ಹಾರೆ ಕೇಳುವರು. ಇಟ್ಟಿಗೆ ಕೂಡಿಸುವ ಸುಣ್ಣದ ಗಚ್ಚು ಅರೆಯುವಾಗ ಗಾಣದ ಎತ್ತಿನ ಹಿಂದೆ ತಾವೂ ಸುತ್ತುವರು. ಅರೆದದ್ದು ಸಾಕೆಂದು ಎತ್ತಿಗೆ ತಿಳಿದರೂ ಇವರಿಗೆ ತಿಳಿಯುತ್ತಿರಲಿಲ್ಲ.

ಹಾಲಹರವಿ ದಾರಿಯ ಒಂದು ಹಳ್ಳಿಗೆ ಶಾಲೆ ಮಂಜೂರಾಯಿತು. ಊರೆಲ್ಲ ಎರೆ. ಮದ್ರಾಸಿನಲ್ಲಿ ಓದಿ ಹೊಸದಾಗಿ ಬಂದಿದ್ದ ನಮ್ಮ ಓವರ್‌ಸಿಯರರು ವೈಶಾಖದ ಉರಿಯಲ್ಲಿ ನೆಲದ ಬಲವನ್ನು ಪರೀಕ್ಷೆ ಮಾಡಿಸಿದರು. ಮೂರಡಿ ಗುಂಡಿ, ಅದರ ತಳಕ್ಕೆ ಒಂದು ಚದರಡಿಯ ದಪ್ಪ ಹಲಗೆ, ಹಲಗೆಯ ಮೇಲೆ ಕಂಬ, ಕಂಬದ ಮೇಲೆ ಅಟ್ಟ. ಅಟ್ಟಕ್ಕೇರಿಸಲು ಆದೋನಿಯಿಂದ ಗಾಡಿಗಳಲ್ಲಿ ಬಂದ, ತೂಕ ಬರೆದ, ಒತ್ತಿ ಕಟ್ಟಿದ ಹತ್ತಿಯ ಅಂಡಿಗೆಗಳು. ಅಂಡಿಗೆಯ ಮೇಲೆ ಅಂಡಿಗೆ ಏರಿದರೂ ಹಲಗೆ ಜೋಳದ ಕಾಳಿನಷ್ಟೂ ಇಳಿಯಲಿಲ್ಲ. ಓವರ್‌ಸಿಯರರು ಟೋಪಿ ಸರಿಪಡಿಸಿಕೊಂಡು ತೀರ್ಪು ಕೊಟ್ಟರು: ಈ ನೆಲ ಚದರಡಿಗೆ ಎರಡು ಟನ್ ಹೊರುತ್ತದೆ, ನಮ್ಮ ಗೋಡೆಯ ಭಾರ ಅರ್ಧ ಟನ್ನೂ ಇಲ್ಲ, ಮೂರೂವರೆ ಅಡಿ ಪಾಯ ಧಾರಾಳ.

ಮೇಸ್ತ್ರಿ ಗುಂಡಿಯೊಳಗಿಂದಲೇ ಕೇಳಿದರು: “ಯಾವ ತಿಂಗಳಿನ ಎರಡು ಟನ್ನರೀ ಅದು, ಸಾಹೇಬ್ರ?”

“ಏಮಯ್ಯಾ, ಮಟ್ಟಿಕಿ ಕೂಡಾ ಪಂಚಾಂಗಮಾ?” ಎಂದು ಓವರ್‌ಸಿಯರರು ತೆಲುಗಿನಲ್ಲಿ ಕೇಳಿ ನಕ್ಕರು. ಮಣ್ಣಿಗೂ ಪಂಚಾಂಗವೇ ಎಂದು ನಾವೂ ನಕ್ಕೆವು. ಸಂಬಳ ತಿನ್ನುವವರು ನಗಬೇಕಾದಲ್ಲಿ ನಗಬೇಕು.

“ಐತ್ರಿ. ಈಗ ಕಲ್ಲಾಗೈತಿ. ಹಸ್ತ ಮಳಿಗೆ ಬಂದು ನೋಡ್ರಿ, ಬೆಣ್ಣಿ ಆಗಿರತೈತಿ. ಗುಂಡಿಗೆ ಮೂರು ದಿನ ನೀರು ಕುಡಿಸಿ ಆಮ್ಯಾಲ ಅಂಡಿಗಿ ಏರಸ್ರಿ. ಅಷ್ಟೂ ಸಾಲಂಗಿಲ್ಲ. ಈ ಮಣ್ಣು ಬರೇ ಇಳಿಯಂಗಿಲ್ಲ, ನೀರು ಕುಡದ್ರ ಏಳತೈತಿ. ಎಷ್ಟು ಹೊರತೀ ಅಂತ ಕೇಳಿದ್ರಿ, ಎಷ್ಟು ಎತ್ತತೀ ಅಂತ ಕೇಳಲಿಲ್ಲ. ಒಂಬತ್ತಡಿಗೆ ಗರಸು ಐತಿ, ಅಲ್ಲೀತನಕ ಹೋಗೂಣು.”

ಒಂಬತ್ತಡಿ ಎಸ್ಟಿಮೇಟಿನಲ್ಲಿ ಇರಲಿಲ್ಲ. ಮರುದಿನ ಮೇಸ್ತ್ರಿ ಒಂದು ಮಣ್ಣಿನ ಕುಡಿಕೆಗೆ ಒಣ ಎರೆಯನ್ನು ಗಿಡಿದು ತುಂಬಿ, ಮೇಲೆ ನೀರು ಹೊಯ್ದು, ಕುಡಿಕೆಯ ಬಾಯಿ ಬಿಗಿದು ಓವರ್‌ಸಿಯರರ ಮೇಜಿನ ಮೇಲಿಟ್ಟು ಹೋದರು. ಬೆಳಗಾಗುವಷ್ಟರಲ್ಲಿ ಕುಡಿಕೆ ಮೂರು ಹೋಳಾಗಿತ್ತು. ಓವರ್‌ಸಿಯರರು ಅದನ್ನು ಎಲ್ಲ ಮಗ್ಗುಲಿನಿಂದಲೂ ಪರಾಂಬರಿಸಿ, “ಕುಂಡ ಗಟ್ಟಿದಿ ಕಾದು” ಎಂದರು. ಅಂದರೆ ಕುಡಿಕೆ ಗಟ್ಟಿಯಿರಲಿಲ್ಲ. ತಪ್ಪು ಕುಡಿಕೆಯದು.

ಈ ಕೆಲಸ ಬಿಟ್ಟುಬಿಡಿ ಎಂದು ನಾನು ಮೇಸ್ತ್ರಿಗೆ ಹೇಳಿದೆ. “ನಾ ಬಿಟ್ರ ಇನ್ನೊಬ್ಬ ಕಟ್ಟತಾನ, ಗುಮಾಸ್ತರ. ಅವ ಗಚ್ಚೂ ಕೆಡಸತಾನ. ಪಾಯ ಅಂತೂ ಹೋತು, ಗಚ್ಚಾದ್ರೂ ನೆಟ್ಟಗಿರಲಿ. ಒಳಗ ಹುಡುಗರು ಕುಂದರತಾರ.”

ಪರೀಕ್ಷೆಯ ವರದಿಯನ್ನು ನಾನೇ ದುಂಡಗೆ ನಕಲು ಮಾಡಿದೆ. ‘ಎರಡು ಟನ್’ ಎಂಬುದು ಮುತ್ತು ಪೋಣಿಸಿದಂತೆ ಬಂದಿತ್ತು.

ಮೂರೂವರೆ ಅಡಿ ಪಾಯದ ಮೇಲೆಯೇ ಶಾಲೆ ಎದ್ದಿತು. ಒಂದು ವರ್ಷ ಮಳೆ ಬಾರದೆ ಸುಖವಾಗಿತ್ತು. ಎರಡನೆಯ ವರ್ಷ ಹಸ್ತ ಮಳೆ ಹೊಡೆಯಿತು. ಕಿಟಕಿಯ ಮೂಲೆಯಿಂದ ಸೂರಿನವರೆಗೆ ಓರೆಯಾಗಿ ಸೀಳು ಎದ್ದಿತು. ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡು, ಅಲ್ಲಿಯ ಮೇಷ್ಟ್ರು ಸಕಲ ಮರ್ಯಾದೆಗಳೊಂದಿಗೆ ಕಿಟಕಿಯಿಂದ ಶಾಲೆ ಪ್ರವೇಶಿಸತೊಡಗಿದರು. ವಿಚಾರಣೆಗೆ ಮೇಲಿನ ಅಧಿಕಾರಿಯೊಬ್ಬರು ಬಂದರು. ನಮ್ಮ ಫೈಲು ತಿರುವಿದರು. ನೆಲ ಎರಡು ಟನ್ ಹೊರುತ್ತದೆ ಎಂದು ಅಲ್ಲಿ ದುಂಡಗೆ ಬರೆದಿತ್ತು. ನೆಲದ ತಪ್ಪಲ್ಲವೆಂದ ಮೇಲೆ ಇನ್ಯಾರದು? ‘ಗಚ್ಚು ದುರ್ಬಲ’ ಎಂದು ಬರೆದು ಹೋದರು. ಮೊದಲು ಕುಡಿಕೆ, ಈಗ ಗಚ್ಚು. ಎತ್ತು ನಿಂತರೂ ತಾವು ನಿಲ್ಲದಿದ್ದ ಮನುಷ್ಯನ ಗಚ್ಚು! ಮೇಸ್ತ್ರಿಗೆ ನಮ್ಮ ಕಚೇರಿಯ ಕೆಲಸ ಇನ್ನು ಕೊಡಕೂಡದೆಂದು ಹುಕುಂ ಆಯಿತು. ಓವರ್‌ಸಿಯರರಿಗೆ ಬಡ್ತಿಯಾಯಿತು. ಬೀಳ್ಕೊಡುಗೆಯ ಹಾರವನ್ನು ತಂದವನೂ ನಾನೇ.

ಹುಕುಂ ಕೇಳಿ ಮೇಸ್ತ್ರಿ ಕಚೇರಿಗೆ ಬಂದರು. ಜಗಳವಾಡಲಿಲ್ಲ. ನನ್ನ ಮೇಜಿನ ಮುಂದೆ ನಿಂತು ಒಂದೇ ಕೇಳಿದರು: “ಗುಮಾಸ್ತರ, ಆ ಕಾಗದದಾಗ ನೀವು ತಿಂಗಳ ಬರದಿದ್ರೀ ಏನು?”

“ಫಾರಂನಲ್ಲಿ ತಿಂಗಳಿಗೆ ಕಾಲಂ ಇಲ್ಲ ಮೇಸ್ತ್ರಿ.”

“ಕಾಲಂ ಇಲ್ಲಂದ್ರ ಬದಿಗೆ ಜಾಗ ಇರತೈತಲ್ಲರಿ,” ಎಂದರು. ಹೊರಟುಹೋದರು.

ಸರಕಾರದವರೇ ಬೇಡವೆಂದವರನ್ನು ಊರವರು ಕರೆಯುವರೇ? ಗೋಡೆ ಎಬ್ಬಿಸುತ್ತಿದ್ದವರು ಕಡೆಕಡೆಗೆ ಮನೆಮನೆಯಲ್ಲಿ ಒಲೆ ಹಾಕಿಕೊಡುತ್ತಿದ್ದರು. ನಮ್ಮ ಮನೆಗೂ ಹಾಕಿದರು. ಎರಡು ಗೇಣಿನ ಒಲೆಗೂ ಮೊದಲು ಹಿಮ್ಮಡಿ ಊರಿ ಒಂದು ಸುತ್ತು ತಿರುಗಿದರು. ನನ್ನ ಹೆಂಡತಿ ನಕ್ಕಳು. ನನಗೆ ನಗು ಬರಲಿಲ್ಲ.

ಮೇಸ್ತ್ರಿ ತೀರಿಕೊಂಡ ಮರುವರ್ಷ ಆ ಶಾಲೆಯನ್ನು ಕೆಡವಿದರು. ಲೆಕ್ಕ ಬರೆಯಲು ನಾನು ಹೋಗಿದ್ದೆ. ಮೇಲಿನ ಗಾರೆ ಉದುರಿಸಿದಾಗ ಕಂಡಿತು: ಸೀಳು ಗಚ್ಚಿನ ಸಂದಿನಲ್ಲಿ ಹೋಗಿರಲಿಲ್ಲ, ಇಟ್ಟಿಗೆಗಳನ್ನೇ ಕತ್ತರಿಸಿಕೊಂಡು ಹೋಗಿತ್ತು. ಗಚ್ಚು ಎಲ್ಲೂ ಬಿಟ್ಟಿರಲಿಲ್ಲ. ಕೆಡವುವವನೊಬ್ಬ ಬಾಗಿದ ಹಾರೆ ಎತ್ತಿ ತೋರಿಸಿ, “ಯಾವ ಪುಣ್ಯಾತ್ಮ ಕಟ್ಯಾನೋ ಇದನ್ನ, ನಮ್ಮ ಜೀವಾ ತಗೀತೈತಿ” ಎಂದು ಬೈದ. ಆ ಕೆಲಸಕ್ಕೆ ಸಿಕ್ಕ ಪ್ರಶಸ್ತಿಪತ್ರ ಅದೊಂದೇ.

ಮರುದಿನ ಹಳೆಯ ಫೈಲು ಹುಡುಕಿ ತೆಗೆದೆ. ‘ಎರಡು ಟನ್’ ಇನ್ನೂ ಮುತ್ತಿನಂತೆಯೇ ಇತ್ತು. ಅದರ ಬದಿಗೆ ಬರೆದೆ: ‘ವೈಶಾಖ. ಮಣ್ಣು ಒಣಗಿತ್ತು. ಮೇಸ್ತ್ರಿ ಹೇಳಿದ್ದರು.’

ಜಾಗವಿತ್ತು. ಇನ್ನೂ ನಾಲ್ಕು ಸಾಲು ಹಿಡಿಸುವಷ್ಟಿತ್ತು.