ಹೆಸರಿಲ್ಲದ ಬಟನ್

ವೆಬ್‌ಸೈಟು ಕಟ್ಟುವುದರಲ್ಲೇ ಅವಳ ಅರ್ಧ ಆಯಸ್ಸು ಕಳೆದಿತ್ತು. ನಾಲ್ಕು ಜನರ ಮುಂದೆ ನಿಂತು ಮಾತಾಡು ಎಂದರೆ ಮಾತ್ರ ಎಲ್ಲಿಲ್ಲದ ಹೆದರಿಕೆ. ಆದರೂ ಊರಿನ ವೆಬ್ ಡೆವಲಪರ್‌ಗಳ ಸಮ್ಮೇಳನದಲ್ಲಿ, ಕಣ್ಣು ಕಾಣದವರೂ ಬಳಸಬಲ್ಲ ಪುಟಗಳ ಬಗ್ಗೆ ಭಾಷಣ ಮಾಡಲು ಒಪ್ಪಿಕೊಂಡಿದ್ದಳು, ಅದೂ ಅಕ್ಕನ ಸಲುವಾಗಿ.

ಅಕ್ಕ ಶಾಲೆಯಲ್ಲಿ ಚರಿತ್ರೆ ಪಾಠ ಹೇಳುವವಳು. ಕಣ್ಣು ಹೋದ ಮೇಲೂ ಕೆಲಸ ಬಿಟ್ಟಿರಲಿಲ್ಲ. ಪರದೆಯ ಮೇಲಿರುವುದನ್ನು ಫೋನು ಓದಿ ಹೇಳುತ್ತದೆ, ಅವಳು ಕೇಳಿಸಿಕೊಂಡು ಒತ್ತುತ್ತಾಳೆ. ಯಾರ ಹಂಗೂ ಬೇಡ ಎನ್ನುವ ಸ್ವಭಾವ. ತಂಗಿಯ ಭಾಷಣಕ್ಕೆ ತಾನೇ ಸೀಟು ಕಾದಿರಿಸುತ್ತೇನೆಂದು ಸಮ್ಮೇಳನದ ಪುಟ ತೆರೆದಳು. ಫೋನು "ಬಟನ್, ಬಟನ್, ಬಟನ್" ಎಂದಿತೇ ಹೊರತು ಯಾವುದರ ಬಟನ್ ಎಂದು ಬಾಯಿ ಬಿಡಲಿಲ್ಲ. ಬಟನ್ನಿಗೆ ಅಕ್ಷರದ ಬದಲು ಅಂದದ ಚಿತ್ರಗಳನ್ನು ಜೋಡಿಸಿದ ಮಹಾಶಯರು, ಫೋನು ಓದಲೆಂದು ಅವುಗಳಿಗೆ ಹೆಸರು ಬರೆಯುವುದನ್ನೇ ಮರೆತಿದ್ದರು. ಬಟನ್ನಿಗೆ ಒಂದು ಸಾಲು ಬರೆದರೆ ಮುಗಿಯುವ ಕೆಲಸ.

"ನೀನೇ ಮಾಡ್ಕೊಡೇ," ಎಂದು ಅಕ್ಕ ಫೋನು ಚಾಚಿದಾಗ ಅವಳಿಗೆ ಅಕ್ಕನ ಮುಖ ನೋಡಲಾಗಲಿಲ್ಲ. ಅಕ್ಕನ ಕೆಲಸ ಅಕ್ಕನ ಕೈಯಲ್ಲೇ ಆಗಬೇಕು. ಭಾಷಣದಿಂದ ಅವಳಿಗೆ ಬೇಕಿದ್ದುದು ಅಷ್ಟೇ.

ಸಮ್ಮೇಳನದ ದಿನ ಅವಳಿಗಿಂತ ಮೊದಲು ಮಾತಾಡಿದವನು ತನ್ನ ಕಂಪನಿಯ ಗುಣಗಾನ ಮುಗಿಸುವಷ್ಟರಲ್ಲಿ ಅವಳ ಅರ್ಧ ಸಮಯವನ್ನು ನುಂಗಿ ಹಾಕಿದ್ದ. ಅದು ಸಾಲದೆಂಬಂತೆ, ಅವಳ ಭಾಷಣದ ಟಿಪ್ಪಣಿ ನೋಡಿದ್ದ ಸಂಘಟಕ ಮೆಲ್ಲಗೆ ಬಂದು ಕಿವಿಯಲ್ಲಿ ಉಸುರಿದ.

"ಮೇಡಂ, ನಮ್ಮ ಪುಟದ ವಿಷಯ ಮಾತ್ರ ಎತ್ಬೇಡಿ. ಪ್ರಾಯೋಜಕರು ಮುಂದೇನೇ ಕೂತಿದ್ದಾರೆ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಹೆದರಿಕೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ವೇದಿಕೆ ಹತ್ತಿದವಳೇ ಆ ಸಂಘಟಕನನ್ನೇ ಮೇಲೆ ಕರೆದು, ಸಮ್ಮೇಳನದ ಪುಟ ತೆರೆದು ಪರದೆ ಕಪ್ಪು ಮಾಡಿದ ತನ್ನ ಫೋನನ್ನು ಅವನ ಕೈಗಿಟ್ಟು, "ಬರೀ ಕೇಳಿಸ್ಕೊಂಡು ಒಂದು ಸೀಟು ತಗೊಳ್ಳಿ ನೋಡೋಣ," ಎಂದಳು. ಮೈಕಿನ ತುಂಬ "ಬಟನ್, ಬಟನ್." ಅವನು ತಡಕಾಡಿದ, ಬೆವರಿದ, ಕೊನೆಗೆ ಏನನ್ನೋ ಒತ್ತಿ ಪುಟದಿಂದಲೇ ಹೊರಬಿದ್ದ. ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ಆ ನಗು ಕೇಳಿ ಅವಳ ಸಿಟ್ಟು ಇನ್ನಷ್ಟು ಏರಿತು.

"ನಗ್ಬೇಡಿ. ನಮ್ಮಕ್ಕ ಹಿಂದಿನ ಸಾಲಲ್ಲಿ ಕೂತಿದ್ದಾಳೆ. ಅವಳೂ ಹೀಗೇ ತಡಕಾಡಿದ್ದು."

ತಲೆಗಳೆಲ್ಲ ಹಿಂದಿನ ಸಾಲಿನತ್ತ ತಿರುಗಿದವು. ಉಳಿದ ಮಾತನ್ನು ಅವಳು ಸಿಕ್ಕ ಸಮಯದಲ್ಲೇ ಹೇಳಿ ಮುಗಿಸಿದಾಗ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸಂಘಟಕನಂತೂ ಅವಳ ಜೊತೆ ಫೋಟೋ ತೆಗೆಸಿಕೊಂಡ. "ನಮ್ಮ ಕಣ್ಣು ತೆರೆಸಿಬಿಟ್ರಿ ಮೇಡಂ," ಎಂದ. "ನಿಮ್ಮ ಭಾಷಣ ಹೇಗಿತ್ತು ಅಂತ ಹೇಳೋಕೆ ಈಗ್ಲೇ ಒಂದು ಪುಟ ಮಾಡಿಸಿ ಎಲ್ಲರ ಫೋನಿಗೂ ಕಳ್ಸಿದ್ದೀನಿ. ಬಿಸಿಬಿಸಿ ಇದೆ."

ಅವಳು ಹಿಂದಿನ ಸಾಲಿಗೆ ಬಂದಾಗ ಅಕ್ಕ ಆ ಪುಟವನ್ನೇ ತೆರೆದು, ಫೋನನ್ನು ಕಿವಿಗೆ ಹಿಡಿದಿದ್ದಳು. ಪರದೆಯ ಮೇಲೆ ಸಾಲಾಗಿ ಐದು ಹೊಳೆಯುವ ನಕ್ಷತ್ರ.

"ಬಟನ್," ಎಂದಿತು ಫೋನು. "ಬಟನ್. ಬಟನ್. ಬಟನ್. ಬಟನ್."

ಅಕ್ಕ ಮತ್ತೊಮ್ಮೆ ಮೊದಲಿನಿಂದ ಬೆರಳಾಡಿಸಿದಳು. ಆಮೇಲೆ ಫೋನನ್ನು ಗಾಳಿಯಲ್ಲೇ ತಂಗಿಯತ್ತ ಚಾಚಿದಳು.

"ತುಂಬಾ ಚೆನ್ನಾಗಿ ಮಾತಾಡ್ದೆ ಕಣೇ. ಐದಕ್ಕೆ ಐದು ಕೊಡ್ಬೇಕು ಅಂತಿದ್ದೆ. ನೀನೇ ಒತ್ಕೊಂಡ್ಬಿಡು."

ಅವಳು ಹಲ್ಲು ಕಚ್ಚಿ ಫೋನು ಇಸಿದುಕೊಂಡು, ತನ್ನ ಭಾಷಣಕ್ಕೆ ತಾನೇ ಪೂರ್ತಿ ಅಂಕ ಹಾಕಿಕೊಂಡಳು.