ಹೊಸಿಲಿನ ತುಂಡಿನ ಆರನೇ ಮಗ್ಗುಲು

ನಾನು ನಿಂತಿದ್ದುದು ಕುರುಬರಹಳ್ಳಿಯ ನಮ್ಮ ಮನೆಯ ಹಿತ್ತಲಲ್ಲಿ, ತಗಡಿನ ಶೆಡ್ಡಿನ ಒಳಗೆ, ಬಾಗಿಲಿಗೆ ಬೆನ್ನು ಕೊಟ್ಟು. ದೊಡ್ಡಪ್ಪನಿಗೂ ನನಗೂ ನಡುವೆ ನಾಲ್ಕು ಹೆಜ್ಜೆ. ಭಾನುವಾರ, ಬೆಳಗಿನ ತಿಂಡಿ ಮುಗಿದು ಅರ್ಧ ಗಂಟೆಯಾಗಿತ್ತು. ಐದನೇ ಕ್ಲಾಸಿನ ಪರೀಕ್ಷೆ ಬರೆದು ಮುಗಿಸಿದ ಬೇಸಿಗೆ ಅದು. ಎಪ್ಪತ್ತರ ದಶಕ ಅರ್ಧ ಕಳೆದಿತ್ತು. ಇಷ್ಟನ್ನು ಖಚಿತವಾಗಿ ಹೇಳಬಲ್ಲೆ. ಉಳಿದದ್ದನ್ನು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಆ ದಿನಗಳಲ್ಲಿ ನಮ್ಮ ಬೀದಿಯ ಎಲ್ಲ ಮನೆಗಳಲ್ಲೂ ಸ್ನಾನದ ನೀರು ಕಾಯುತ್ತಿದ್ದುದು ಬಚ್ಚಲೊಲೆಯಲ್ಲಿ. ರಾಜಾಜಿನಗರದ ಕಾರ್ಖಾನೆಗಳಲ್ಲಿ ಕೊಯ್ದು ಮಿಕ್ಕ ಮರದ ಚೂರುಗಳು ಮೂಟೆಗಟ್ಟಲೆ ಬಂದು ಆ ಒಲೆಗಳಲ್ಲಿ ಬೂದಿಯಾಗುತ್ತಿದ್ದವು. ನಮ್ಮ ದೊಡ್ಡಪ್ಪ ಮೇಜು ಕುರ್ಚಿ ಮಾಡುವ ಒಂದು ಕಾರ್ಖಾನೆಯಲ್ಲಿ ಮರಗೆಲಸ ಮಾಡುತ್ತಿದ್ದರು. ಶನಿವಾರ ಸಂಜೆ ಸೈಕಲ್ ಕ್ಯಾರಿಯರ್ ಮೇಲೆ ಒಂದು ಗೋಣಿಚೀಲ ಕಟ್ಟಿಕೊಂಡು ಬಂದು ಹಿತ್ತಲಲ್ಲಿ ಸುರಿಯುತ್ತಿದ್ದರು. ಸುರಿದ ಮೇಲೆ ಒಂದೊಂದೇ ಚೂರನ್ನು ಎತ್ತಿ, ಉಗುರಿನಿಂದ ಕೆರೆದು, ಮೂಗಿನ ಹತ್ತಿರ ಹಿಡಿಯುತ್ತಿದ್ದರು. ತೇಗ ಒಂದು ಕಡೆ, ಬೀಟೆ ಒಂದು ಕಡೆ, ಹೊನ್ನೆ, ಹಲಸು ಬೇರೆ.

ಅಜ್ಜಿಗೆ ಇದು ಸಹಿಸುತ್ತಿರಲಿಲ್ಲ. "ಅಲ್ಲ ಕಣೋ, ನೀನು ಸೌದೆ ತಂದ್ಯೋ ಹೂವು ತಂದ್ಯೋ? ಒಂದೊಂದನ್ನೂ ಮೂಸ್ತೀಯಲ್ಲ!"

"ನಿಂಗೆ ಬೇಕಾದ್ದು ತಗೊಳಮ್ಮ. ಕಪ್ಪಗಿರೋದು ಮಾತ್ರ ಮುಟ್ಬೇಡ."

"ಕಪ್ಪಗಿರೋದೇ ಚೆನ್ನಾಗಿ ಉರಿಯೋದು," ಎಂದು ಅಜ್ಜಿ ಬೇಕೆಂದೇ ಒಂದು ಬೀಟೆಯ ಚೂರನ್ನು ಸೆರಗಿನಲ್ಲಿ ಹಾಕಿಕೊಂಡು ಹೋಗುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಅದನ್ನು ತಾವೇ ತಂದು ಶೆಡ್ಡಿನ ಮುಂದೆ ಇಡುತ್ತಿದ್ದರು.

ಆ ಚೂರುಗಳಿಂದ ದೊಡ್ಡಪ್ಪ ಬಟ್ಟಲು ಮಾಡುತ್ತಿದ್ದರು. ಕಪ್ಪಿನ ಪಕ್ಕ ಹಳದಿ, ಹಳದಿಯ ಪಕ್ಕ ಕೆಂಪು ಇಟ್ಟು, ಡಬ್ಬಿಯಲ್ಲಿ ಕಾಯಿಸಿದ ಅಂಟು ಹಚ್ಚಿ, ಕಬ್ಬಿಣದ ಕ್ಲ್ಯಾಂಪಿನಲ್ಲಿ ಬಿಗಿದು ಎರಡು ಮೂರು ದಿನ ಬಿಡುತ್ತಿದ್ದರು. ಅಂಟು ಕಾಯುವಾಗ ಸುಟ್ಟ ಕೊಂಬಿನಂಥ ವಾಸನೆ ಬೀದಿಯವರೆಗೂ ಬರುತ್ತಿತ್ತು. ಒಣಗಿದ ದಿಮ್ಮಿಯನ್ನು ಮರ ಕಡೆಯುವ ಲೇತಿಗೆ ಕಚ್ಚಿಸಿ, ಮೋಟಾರು ಹಾಕಿ, ಉಳಿ ತಾಗಿಸಿದರೆ ಮರದ ಸುರುಳಿಗಳು ಅವರ ಮೊಣಕೈವರೆಗೂ ಹಾರುತ್ತಿದ್ದವು. ಕೊನೆಗೆ ಜೇನುಮೇಣ ಉಜ್ಜಿದಾಗ ಬಟ್ಟಲಿನ ಮೈಮೇಲೆ ಸೀರೆಯಂಚಿನಂಥ ಪಟ್ಟಿಗಳು ಏಳುತ್ತಿದ್ದವು. ಆ ಬೇಸಿಗೆಯಲ್ಲಿ ಹನ್ನೊಂದು ಬಟ್ಟಲು ಆಗಿದ್ದವು. ಒಂದರಲ್ಲಿ ನನಗೆ ಹುರಿಗಡಲೆ ಬೆಲ್ಲ ಹಾಕಿ ಕೊಡುತ್ತಿದ್ದರು; ಕಡಲೆಗೆ ಮೇಣದ ವಾಸನೆ ಹತ್ತಿರುತ್ತಿತ್ತು.

ನನಗೂ ಒಂದು ಕೆಲಸವಿತ್ತು. ಹಳೆಯ ಮರದಲ್ಲಿ ಮೊಳೆ ಉಳಿದಿರುತ್ತದೆ. ಉಳಿಗೆ ಸಿಕ್ಕರೆ ಅಪಾಯ. ಹಾಳಾದ ರೇಡಿಯೋ ಸ್ಪೀಕರಿನಿಂದ ತೆಗೆದ ಅಯಸ್ಕಾಂತವನ್ನು ಪ್ರತಿ ಚೂರಿನ ಮೇಲೂ ಆಡಿಸಬೇಕು. ಆಮೇಲೆ ಬಿರುಕು, ತೇಪೆ, ಗಂಟು ಇದೆಯೇ ಎಂದು ಬೆಳಕಿಗೆ ಹಿಡಿದು ಕಣ್ಣಿನಿಂದ ನೋಡಬೇಕು.

"ನನ್ನ ಕಣ್ಣಿಗೆ ಐವತ್ತೆರಡು ವರ್ಷ, ನಿನ್ನ ಕಣ್ಣಿಗೆ ಹತ್ತು," ಎಂದಿದ್ದರು ದೊಡ್ಡಪ್ಪ. "ನೀನು ನೋಡಿದ್ರೆ ನಾನು ನೋಡ್ದಂಗೆ. ಆದ್ರೆ ಮರದ ತುಂಡಿಗೆ ಆರು ಮಗ್ಗುಲು ಕಣಮ್ಮ ಗಿರಿಜಾ. ಐದು ನೋಡಿ ಒಂದು ಬಿಟ್ರೆ ಯಾವುದನ್ನೂ ನೋಡ್ದಂಗೆ."

ನಮ್ಮದು ಬಡಾವಣೆ ಬರುವ ಮುಂಚಿನಿಂದ ಅಲ್ಲೇ ಇದ್ದ ಮನೆತನ. ರಸ್ತೆ ಅಗಲ ಮಾಡುವಾಗ ಹಳೆಯ ಮನೆ ಬಿದ್ದಿತ್ತು. ಅದರ ಬಾಗಿಲಿನ ಹೊಸಿಲನ್ನು ಮಾತ್ರ ಅಜ್ಜಿ ಬಿಟ್ಟಿರಲಿಲ್ಲ. ಹೊಸ ಮನೆಯ ಕಾಂಪೌಂಡಿಗೆ ಒರಗಿಸಿ, ಶುಕ್ರವಾರಗಳಲ್ಲಿ ಅದಕ್ಕೂ ಅರಿಸಿನ ಹಚ್ಚುತ್ತಿದ್ದರು. ಆ ಬೇಸಿಗೆಯಲ್ಲಿ ಅದಕ್ಕೆ ಗೆದ್ದಲು ಹಿಡಿಯಿತು. ಅಜ್ಜಿ ಮದುವೆಯೊಂದಕ್ಕೆಂದು ಕೆಂಗೇರಿಯ ನೆಂಟರ ಮನೆಗೆ ಹೋಗಿದ್ದಾಗ ದೊಡ್ಡಪ್ಪ ಹೊಸಿಲನ್ನು ತಟ್ಟಿ ನೋಡಿದರು. ಎರಡು ತುದಿಯೂ ಪೊಳ್ಳಾಗಿತ್ತು. ನಡುವಿನ ಒಂದು ಗೇಣು ಮಾತ್ರ ಗಟ್ಟಿ ಹೊನ್ನೆ.

"ಗೆದ್ದಲಿನ ಪಾಲಾಗೋದಕ್ಕಿಂತ ಅಮ್ಮನ ಕೈಲಿರಲಿ," ಎಂದರು. "ಎಲೆಯಡಿಕೆ ಬಟ್ಟಲು ಮಾಡ್ತೀನಿ. ಭಾನುವಾರ ಬರ್ತಾಳಲ್ಲ, ಕೈಗೆ ಕೊಟ್ಟಾಗಲೇ ನೋಡ್ಲಿ. ಯಾರೂ ಬಾಯಿ ಬಿಡಬಾರ್ದು."

ಗುರುವಾರ ಸಂಜೆ ನಡುವಿನ ಭಾಗವನ್ನು ಕೊಯ್ದು, ಮೇಲಿನ ಬಣ್ಣ ಕೆತ್ತಿ, ನನ್ನ ಮುಂದಿಟ್ಟು ಅಂಟು ಕಾಯಿಸಲು ಹೋದರು. ತುಂಡು ಭಾರವಿತ್ತು. ನೆಲದ ಮೇಲಿಟ್ಟೇ ಅಯಸ್ಕಾಂತ ಆಡಿಸಿದೆ. ಮೇಲೆ, ಸುತ್ತ ನಾಲ್ಕು ಕಡೆ. ಎಲ್ಲೂ ಹಿಡಿಯಲಿಲ್ಲ. ಗೇಟಿನ ಬಳಿ ಪಕ್ಕದ ಮನೆಯ ಶಕುಂತಲಾ ಕುಂಟೆಬಿಲ್ಲೆಗೆ ಕರೆಯುತ್ತಿದ್ದಳು. "ಬರ್ತೀಯೋ ಇಲ್ವೋ? ನಿನ್ ಆಟ ಹೋಯ್ತು ನೋಡು!"

ತುಂಡನ್ನು ನಾನು ಮಗುಚಲಿಲ್ಲ. ದೊಡ್ಡಪ್ಪನ ಮಗ ರಂಗಣ್ಣ, ಆಗ ಅವನಿಗೆ ಹದಿನೈದು, ಶೆಡ್ಡಿನ ಮೂಲೆಯಲ್ಲಿ ಕೂತು ಒಂದು ಬಟ್ಟಲಿಗೆ ಸ್ಯಾಂಡ್‌ಪೇಪರ್ ಉಜ್ಜುತ್ತಿದ್ದ. ಒಮ್ಮೆ ತಲೆಯೆತ್ತಿ ಮತ್ತೆ ಬಗ್ಗಿಸಿದ.

"ನೋಡಿದ್ಯಾ ಗಿರಿಜಾ?" ದೊಡ್ಡಪ್ಪ ಒಲೆಯ ಬಳಿಯಿಂದ ಕೇಳಿದರು.

"ನೋಡ್ದೆ ದೊಡ್ಡಪ್ಪ."

ಆಡಲು ಓಡಿದೆ. ಆಟದಲ್ಲಿ ಗೆದ್ದೆನೋ ಸೋತೆನೋ ನೆನಪಿಲ್ಲ.

ಭಾನುವಾರ ದಿಮ್ಮಿ ಲೇತಿನ ಮೇಲಿತ್ತು. ನಡುವೆ ಹೊಸಿಲಿನ ಹೊನ್ನೆ, ಸುತ್ತ ತೇಗ ಮತ್ತು ಬೀಟೆ. ರಂಗಣ್ಣ ಸ್ವಿಚ್ಚಿನ ಬಳಿ ನಿಂತಿದ್ದ. ಹೊರಮೈ ಚೆನ್ನಾಗಿ ಬಂತು. ಒಳಗನ್ನು ತೋಡಲು ದೊಡ್ಡಪ್ಪ ಉಳಿ ಬದಲಿಸಿಕೊಂಡರು. ಸ್ವಲ್ಪ ಹೊತ್ತಿಗೆ ಸದ್ದು ಬದಲಾಯಿತು, ಉಳಿ ಒಮ್ಮೆ ಎಗರಿತು.

"ಗಂಟಿರಬೇಕು," ಎಂದರು. ಮತ್ತೆ ಒತ್ತಿದರು.

ದಿಮ್ಮಿ ಸೀಳಿದ್ದನ್ನು ನಾನು ನೋಡಲಿಲ್ಲ. ಅಷ್ಟು ಬೇಗ ಆಯಿತು. ನೋಡಿದ್ದು ದೊಡ್ಡಪ್ಪನನ್ನು. ಕೂಗಲಿಲ್ಲ. ಉಳಿಯನ್ನು ಮೆಲ್ಲಗೆ ಕೆಳಗಿಟ್ಟು ಎರಡು ಕೈಯಿಂದಲೂ ಮುಖ ಮುಚ್ಚಿಕೊಂಡರು. ಕನ್ನಡಕದ ಬಲಗಡೆಯ ಗಾಜು ಇರಲಿಲ್ಲ. ಬೆರಳುಗಳ ನಡುವಿನಿಂದ ರಕ್ತ ಇಳಿದು ಮೊಣಕೈಗೆ ಬಂತು. ರಂಗಣ್ಣ ಸ್ವಿಚ್ ಆರಿಸಿದ. ಆದರೂ ಲೇತು ಕೂಡಲೇ ನಿಲ್ಲಲಿಲ್ಲ. ಉಳಿದ ಅರ್ಧ ದಿಮ್ಮಿ ನಿಧಾನವಾಗಿ ಸುತ್ತುತ್ತಲೇ ಇತ್ತು. ಕೆಳಗೆ ಮರದ ಸುರುಳಿಗಳ ಮೇಲೆ ಒಂದು ಕಾಸು ಬಿದ್ದಿತ್ತು. ಹಸಿರುಗಟ್ಟಿದ ತಾಮ್ರದ ಕಾಸು, ಉಳಿ ತಾಗಿದ ಕಡೆ ಮಾತ್ರ ಕೆಂಪಗೆ ಹೊಳೆಯುತ್ತಿತ್ತು.

ಅಪ್ಪ ಆಟೋ ತಂದು ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಮಧ್ಯಾಹ್ನ ಅಜ್ಜಿ ಕೆಂಗೇರಿಯಿಂದ ಬಂದರು. ಅಮ್ಮ ಅಳುತ್ತಾ ಎಲ್ಲವನ್ನೂ ಹೇಳಿ ಕಾಸು ತೋರಿಸಿದಾಗ ಅಜ್ಜಿ ಅದನ್ನು ಅಂಗೈಯಲ್ಲಿ ತಿರುಗಿಸಿ ನೋಡಿದರು.

"ಇದು ನನ್ನ ಕೈಲೇ ಇಡಿಸಿದ್ದು ಕಣೇ. ನಾನು ಮದುವೆಯಾಗಿ ಬಂದ ವರ್ಷ. ಹೊಸಿಲಿಗೆ ಅಡಿಯಿಂದ ತೂತು ಕೊರೆದು, ನವಧಾನ್ಯ ಹಾಕಿ, ಕಾಸಿಟ್ಟು, ಅದೇ ಮರದ ಬಿರಡೆ ಜಡಿದ್ರು. ನನ್ನ ಒಂದು ಮಾತು ಕೇಳಬಾರ್ದಿತ್ತಾ?"

"ನಿಮಗೆ ಗೊತ್ತಾಗಬಾರ್ದು ಅಂತಲೇ ಅತ್ತೆ..." ಎಂದು ಅಮ್ಮ ಅರ್ಧಕ್ಕೆ ನಿಲ್ಲಿಸಿದರು.

ಸಂಜೆ ಬಂದ ಅಪ್ಪ ನನ್ನ ಮುಖ ನೋಡಿ ಬೇರೇನೋ ಅಂದುಕೊಂಡರು. "ತಾಮ್ರಕ್ಕೆ ಅಯಸ್ಕಾಂತ ಹಿಡಿಯಲ್ಲಮ್ಮ. ನೀನು ಏನು ಮಾಡೋಕಾಗ್ತಿತ್ತು? ಅಳಬೇಡ." ಎಲ್ಲರೂ ಅದನ್ನೇ ಹೇಳಿದರು. ಅದು ನಿಜವೂ ಆಗಿತ್ತು.

ಎಲ್ಲರೂ ಒಳಗಿದ್ದಾಗ ನಾನು ಶೆಡ್ಡಿಗೆ ಹೋದೆ. ಸೀಳಿದ ಹೊನ್ನೆಯ ಒಂದು ಹೋಳು ಗೋಡೆಯ ಬುಡದಲ್ಲಿತ್ತು. ಕೈಯಲ್ಲಿ ಹಿಡಿದು ಮಗುಚಿದೆ. ಅಡಿಯ ಮಗ್ಗುಲಲ್ಲಿ, ಮಣ್ಣಿನ ಕಲೆಯ ನಡುವೆ, ಬಿರಡೆಯ ಅರ್ಧ ವೃತ್ತವಿತ್ತು. ಸುತ್ತಲಿನ ಮರದ ಎಳೆ ಉದ್ದಕ್ಕೆ ಹೋದರೆ ಅದರ ಎಳೆ ಅಡ್ಡಕ್ಕೆ. ಅಯಸ್ಕಾಂತ ಬೇಕಾಗಿರಲಿಲ್ಲ. ನೋಡಿದ್ದರೆ ಕಾಣುತ್ತಿತ್ತು.

ಆ ಹೋಳನ್ನು ಬಚ್ಚಲೊಲೆಗೆ ಹಾಕಿದೆ. ಹಿಡಿಯಲು ತುಂಬ ಹೊತ್ತು ಬೇಕಾಯಿತು. ಪೂರ್ತಿ ಕೆಂಡವಾಗುವವರೆಗೂ ಅಲ್ಲೇ ಕೂತಿದ್ದೆ.

ದೊಡ್ಡಪ್ಪ ಮನೆಗೆ ಬಂದದ್ದು ಹದಿನೆಂಟು ದಿನದ ಮೇಲೆ. ಬಲಗಣ್ಣು ಹೋಗಿತ್ತು. ನನ್ನನ್ನು ಕರೆದು ತಲೆಯ ಮೇಲೆ ಕೈಯಿಟ್ಟು, "ನೀನು ಸರಿಯಾಗೇ ನೋಡಿದ್ದೆ, ನಂಗೊತ್ತು. ನಾನು ಅಮ್ಮನ್ನ ಕೇಳ್ಬೇಕಿತ್ತು," ಎಂದರು. ಮಳೆಗಾಲದಲ್ಲಿ ಒಮ್ಮೆ ಮತ್ತೆ ಲೇತಿನ ಮುಂದೆ ನಿಂತರು. ಒಂದೇ ಕಣ್ಣಿಗೆ ಆಳ ತಿಳಿಯುವುದಿಲ್ಲವೆಂದು ನಮಗಾರಿಗೂ ಗೊತ್ತಿರಲಿಲ್ಲ. ಉಳಿ ಬಟ್ಟಲಿನ ಗೋಡೆಯನ್ನು ತೂರಿಕೊಂಡು ಆಚೆ ಬಂತು. ಮೋಟಾರು ಆರಿಸಿ, ಲೇತಿನ ಮೇಲೆ ಗೋಣಿತಾಟು ಹೊದಿಸಿದರು. ಮುಂದಿನ ಶನಿವಾರ ತಂದ ಚೂರುಗಳನ್ನು ಮೂಸಿ ನೋಡಲಿಲ್ಲ. ಅಜ್ಜಿ ಕಪ್ಪು ಚೂರುಗಳನ್ನು ತಾವೇ ಆರಿಸಿ ಅವರ ಮುಂದಿಟ್ಟರು. "ಉರಿಸಮ್ಮ," ಎಂದರು ದೊಡ್ಡಪ್ಪ.

ಈಗ ಆ ಹಿತ್ತಲಲ್ಲಿ ಮೂರು ಅಂತಸ್ತಿನ ಬಾಡಿಗೆ ಮನೆಗಳಿವೆ. ಬಚ್ಚಲೊಲೆ ಕುರುಬರಹಳ್ಳಿಯಲ್ಲಿ ಎಲ್ಲೂ ಕಾಣೆ. ವಾಸನೆಯಿಂದಲೇ ಇದು ತೇಗ, ಇದು ಬೀಟೆ ಎಂದು ಹೇಳಬಲ್ಲವರು ನಮ್ಮ ಮನೆತನದಲ್ಲಿ ಒಬ್ಬರೂ ಉಳಿದಿಲ್ಲ. ಹನ್ನೊಂದು ಬಟ್ಟಲುಗಳಲ್ಲಿ ಎಷ್ಟು ಎಲ್ಲಿವೆಯೋ ತಿಳಿಯದು. ದೊಡ್ಡಪ್ಪ ಆಮೇಲೆ ಇಪ್ಪತ್ತೆರಡು ವರ್ಷ ಬದುಕಿದರು. ಅಷ್ಟು ವರ್ಷಗಳಲ್ಲಿ ಯಾವ ದಿನ ಬೇಕಾದರೂ ನಾನು ಹೇಳಬಹುದಿತ್ತು.

ಹೋದ ವರ್ಷ ವಿಜಯನಗರಕ್ಕೆ ಹೋಗಿ ರಂಗಣ್ಣನಿಗೆ ಹೇಳಿದೆ. "ಆವತ್ತು ಆ ತುಂಡನ್ನ ನಾನು ಪೂರ್ತಿ ನೋಡಿರ್ಲಿಲ್ಲ ಕಣೋ."

"ಗೊತ್ತು ಕಣೇ. ನೀನು ಮಗುಚಲಿಲ್ಲ."

"ಮತ್ಯಾಕೆ ಸುಮ್ಮನಿದ್ದೆ?"

"ನಾನಾದ್ರೂ ಎದ್ದು ಮಗುಚಬಹುದಿತ್ತಲ್ವಾ?"

ಶಕುಂತಲಾ ಗೇಟಿನ ಆಚೆ ಇದ್ದಳು, ಅವಳಿಗೆ ಕಾಣುವಂತಿರಲಿಲ್ಲ. ಅಪ್ಪ, ಅಮ್ಮ, ಅಜ್ಜಿ ಏನೂ ತಿಳಿಯದೆ ಹೋದರು. ಆ ಗುರುವಾರ ಸಂಜೆ ಶೆಡ್ಡಿನೊಳಗೆ ನಡೆದದ್ದನ್ನು ಕಂಡವರು ಇಬ್ಬರೇ. ಒಬ್ಬ ದೊಡ್ಡಪ್ಪನ ಮಗ ರಂಗಸ್ವಾಮಿ, ವಿಜಯನಗರದಲ್ಲಿದ್ದಾನೆ. ಇನ್ನೊಬ್ಬಳು ಇದನ್ನು ಬರೆಯುತ್ತಿರುವ ಗಿರಿಜಾ. ಇಬ್ಬರೂ ಇದ್ದೇವೆ.