ಹೊದಿಕೆ ಬೇಡವೆಂದ ಮೂರು ದಿನ

ಮೊಮ್ಮಗಳ ಪಾದ ಮುಟ್ಟಿದೆ, ತಣ್ಣಗಿತ್ತು. ತಂದಿದ್ದ ಸಣ್ಣ ಕೌದಿಯನ್ನು ಹೊಚ್ಚಲು ಬಗ್ಗಿದಾಗ ನರ್ಸ್ ನನ್ನ ಕೈ ಹಿಡಿದರು.

"ಹೊಚ್ಚಬ್ಯಾಡ್ರಿ ಅಮ್ಮಾ. ಮೂರು ದಿನ ಕೂಸು ತಣ್ಣಗ ಇರಬೇಕ್ರಿ."

ಸುರಪುರದಲ್ಲಿ ಹೆರಿಗೆಯಾದಾಗ ಕೂಸು ಅತ್ತಿರಲಿಲ್ಲ. ಉಸಿರು ಬರಲು ತಡವಾಗಿ ಮಿದುಳಿಗೆ ಪೆಟ್ಟಾಗಿರಬಹುದೆಂದು ತಾಯಿ, ಮಗು ಇಬ್ಬರನ್ನೂ ಆಂಬುಲೆನ್ಸ್‌ನಲ್ಲಿ ಯಾದಗಿರಿಯ ದೊಡ್ಡ ಆಸ್ಪತ್ರೆಗೆ ಕಳಿಸಿದ್ದರು. ಅಲ್ಲಿ, ಒಳಗೆ ತಣ್ಣೀರು ಹರಿಯುವ ಹಾಸಿಗೆಯ ಮೇಲೆ ಕೂಸನ್ನು ಮಲಗಿಸಿದ್ದರು. ಮೈ ತಂಪಾಗಿದ್ದರೆ ಮಿದುಳಿನ ಪೆಟ್ಟು ಹೆಚ್ಚಾಗುವುದು ತಪ್ಪಬಹುದಂತೆ.

ನಾನು ಕೆಂಭಾವಿ ಬಳಿಯ ಹಳ್ಳಿಯೊಂದರ ಆಶಾ ಕಾರ್ಯಕರ್ತೆ. ಕೂಸನ್ನು ಬೆಚ್ಚಗಿಡಿ ಎಂದು ಮನೆಮನೆಗೆ ಹೇಳಿಕೊಂಡು ಬಂದವಳು. ವಾರ್ಡಿನಲ್ಲಿ ಮಲಗಿದ್ದ ಮಗಳು ಅದನ್ನೇ ಕೇಳಿದಳು: "ಯವ್ವಾ, ಎಲ್ಲಾರಿಗೂ ಬೆಚ್ಚಗಿಡ್ರಿ ಅಂತಿದ್ದಿ. ನನ್ನ ಕೂಸಿಗಿ ಯಾಕ ಹಿಂಗ ಮಾಡಾಕತ್ತಾರ?"

ನರ್ಸ್ ಹೇಳಿದ್ದನ್ನೇ ಅವಳಿಗೆ ಹೇಳಿದೆ. ನನಗೇ ಪೂರ್ತಿ ನಂಬಿಕೆ ಇರಲಿಲ್ಲ.

ನಾಲ್ಕನೇ ದಿನ ತಾಸಿಗೆ ಸ್ವಲ್ಪ ಸ್ವಲ್ಪವೇ ಮೈ ಬೆಚ್ಚಗೆ ಮಾಡುತ್ತಾ ಬಂದರು. ಸಂಜೆ ಹೊತ್ತಿಗೆ ಕೂಸು ಸಣ್ಣ ದನಿಯಲ್ಲಿ ಅತ್ತಿತು. ಮಗಳು ಅದನ್ನು ಎದೆಗೆ ಹಚ್ಚಿಕೊಂಡು ತಾನೂ ಅತ್ತಳು.

ಈಗ ಮೊಮ್ಮಗಳಿಗೆ ಏಳು ತಿಂಗಳು. ಕರೆದರೆ ತಿರುಗಿ ನೋಡುತ್ತಾಳೆ, ಕುತ್ತಿಗೆ ಮಾತ್ರ ಇನ್ನೂ ಪೂರ್ತಿ ನಿಂತಿಲ್ಲ. ಮುಂದೆ ಹೇಗೆಂದು ಡಾಕ್ಟರು ಹೇಳಿಲ್ಲ. ತಿಂಗಳಿಗೊಮ್ಮೆ ತಪಾಸಣೆಗೆಂದು ಯಾದಗಿರಿಗೆ ಕರೆದೊಯ್ಯುವಾಗ ಈ ಸಲ ಕೇಳಿಬಿಡಬೇಕು ಎಂದುಕೊಂಡೇ ಹೋಗುತ್ತೇನೆ. ಅವಳು ಮಡಿಲಲ್ಲಿ ನನ್ನನ್ನೇ ನೋಡಿ ನಗುತ್ತಾಳೆ, ನಾನು ಕೇಳದೆ ಬರುತ್ತೇನೆ.